ದಮಯಂತಿಯ ಹಂಸ: 1971ರ ಒಂದು ಅಂಚೆಚೀಟಿಯ ಚಿತ್ರಪ್ರಮಾಣವನ್ನು ಕುರಿತು

1971ರ ಏಪ್ರಿಲ್ 29ರಂದು, ಚಿತ್ರಕಾರ ರಾಜಾ ರವಿವರ್ಮನ ಜನ್ಮದಿನದಲ್ಲಿ, ಭಾರತದ ಅಂಚೆ ಇಲಾಖೆಯು 20 ಪೈಸೆಯ ಒಂದು ಚೀಟಿಯನ್ನು ಹೊರಡಿಸಿತು. ಅದರ ಮೇಲೆ ಅಚ್ಚಾಗಿರುವುದು ಆತನ ಸುಪ್ರಸಿದ್ಧವಾದ ಹಂಸದಮಯಂತಿಯ ಚಿತ್ರ. ಇಂಗ್ಲಿಷ್ ಪಟ್ಟಿಗಳಲ್ಲಿ ಈ ಚೀಟಿಯು ‘ದಮಯಂತಿ ಮತ್ತು ಸ್ವಾನ್’ ಎಂಬ ಹೆಸರಿನಿಂದ ದಾಖಲೆಯಾಗಿದೆ. ಪಟ್ಟಿಯನ್ನು ನಂಬಿ ನಡೆಯುವ ಸಂಗ್ರಾಹಕರು ಇದನ್ನು ಯೂರೋಪಿನ ನೀಳಗೊರಳಿನ ಬಿಳಿಯ ಹಕ್ಕಿಯ ಪುಟದಲ್ಲಿ ಅಂಟಿಸಿ ತೃಪ್ತರಾದರೆ ಅದರಿಂದ ಹೆಚ್ಚಿನ ಹಾನಿಯೇನೂ ಆಗುತ್ತಿರಲಿಲ್ಲ. ಆದರೆ ಅವರಲ್ಲಿ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಪುರಾಣಕಾವ್ಯಗಳ ಹಂಸವು ಇದೇ ಹಕ್ಕಿಯೆಂಬುದಕ್ಕೆ ಚಿತ್ರವನ್ನೂ ಚೀಟಿಯನ್ನೂ ಸಾಕ್ಷ್ಯವಾಗಿ ಮುಂದಿಡುವುದರಿಂದ, ಆ ಸಾಕ್ಷ್ಯದ ಯೋಗ್ಯತೆಯನ್ನು ಪರೀಕ್ಷಿಸುವುದು ಅವಶ್ಯವಾಗಿದೆ. ನಮ್ಮ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಹಕ್ಕಿಗಳನ್ನು ಬಲ್ಲ ಯಾರಿಗೂ ಈ ಸಾಕ್ಷ್ಯವು ಸಮಾಧಾನವನ್ನು ಕೊಡಲಾರದು.

ಪೀಠಿಕೆಯಾಗಿ ಒಂದು ಮಾತು. ಅಂಚೆಚೀಟಿಯ ಮೇಲೆ ಪುರಾಣವು ಕವಿಯ ಕೈಯಿಂದ ನೇರವಾಗಿ ಬಂದುದಲ್ಲ. 1849ರ ಫ್ರಾನ್ಸಿನ ಮೊದಲ ಚೀಟಿಯ ಮೇಲಣ ಧಾನ್ಯದೇವತೆ ಸೆರೆಸಳಾಗಲಿ, 1861ರ ಗ್ರೀಸಿನ ಚೀಟಿಯ ದೇವದೂತ ಹರ್ಮೀಸನಾಗಲಿ, ನಮ್ಮಲ್ಲಿ 1893ರಲ್ಲಿ ದತಿಯಾ ಸಂಸ್ಥಾನವು ಅಚ್ಚುಹಾಕಿಸಿದ ಗಣಪತಿಯಾಗಲಿ, 1904ರ ಜಯಪುರದ ಚೀಟಿಯ ಸೂರ್ಯರಥವಾಗಲಿ ಲಾಂಛನಗಳೇ ಹೊರತು ಕಥೆಗಳಲ್ಲ. ಸ್ವತಂತ್ರ ಭಾರತದಲ್ಲಿ 1949ರ ಆಗಸ್ಟ್ 15ರ ಮಾಲೆಯ ತ್ರಿಮೂರ್ತಿಯೂ ನಟರಾಜನೂ ಶಿಲ್ಪದ ಮೂಲಕ ಬಂದರು. 1974ರ ನರಸಿಂಹನೂ ರಾವಣನೂ ಮುಖವಾಡಗಳ ಮೂಲಕ ಬಂದರು. ದಮಯಂತಿಯು ತೈಲಚಿತ್ರದ ಮೂಲಕ ಬಂದಳು. ಆದುದರಿಂದ ಇಂತಹ ಪ್ರತಿಯೊಂದು ಚೀಟಿಯಲ್ಲಿಯೂ ಮೂರು ಪದರಗಳಿವೆ: ಕವಿಯ ಮಾತು ಒಂದು, ಕಲಾವಿದನ ಕೈವಾಡ ಇನ್ನೊಂದು, ಮುದ್ರಣಾಲಯದ ಪ್ರತಿ ಮತ್ತೊಂದು. ಮೂರನೆಯದನ್ನು ತೋರಿಸಿ ಮೊದಲನೆಯದನ್ನು ಸಾಧಿಸಹೊರಡುವವರು ನಡುವಣ ಪದರವನ್ನು ಮರೆತವರು. ನಮ್ಮ ಚರ್ಚೆಗೆ ಕಾರಣವಾದ ಪ್ರಮಾದವು ಇಷ್ಟೇ.

ಇನ್ನು ಚಿತ್ರವನ್ನು ಸಮೀಪದಿಂದ ನೋಡಬಹುದು. ರವಿವರ್ಮನು 1899ರಲ್ಲಿ ಬರೆದ ಮೂಲದಲ್ಲಿ ದಮಯಂತಿಯು ಕೆಂಪು ಸೀರೆಯುಟ್ಟು ನಿಂತಿದ್ದಾಳೆ. ಕಟ್ಟೆಯ ಮೇಲೆ ಕುಳಿತ ಬಿಳಿಯ ಹಕ್ಕಿಯೊಂದು ಅವಳೆಡೆಗೆ ತನ್ನ ನೀಳವಾದ ಕೊರಳನ್ನು ಬಾಗಿಸಿದೆ. ಚೀಟಿಯಲ್ಲಿ ಈ ವರ್ಣಗಳೆಲ್ಲವೂ ಅಡಗಿ ಏಕವರ್ಣದ ಛಾಯೆ ಮಾತ್ರ ಉಳಿದಿದೆ. ಭೂತಗನ್ನಡಿಯ ಕೆಳಗಿಟ್ಟು ಎಷ್ಟು ನಿರುಕಿಸಿದರೂ ಹಕ್ಕಿಯ ಕೊಕ್ಕು ಕೆಂಪೋ ಹಳದಿಯೋ, ಕಾಲು ಕಪ್ಪೋ ಕಿತ್ತಳೆಯೋ ಎಂಬುದನ್ನು ಅಚ್ಚಿನ ಛಾಯೆಯಿಂದ ತಿಳಿಯುವುದು ಶಕ್ಯವಲ್ಲ. ಉಳಿಯುವುದು ಆಕಾರವೊಂದೇ, ಆ ಆಕಾರದಲ್ಲಿಯೂ ಎದ್ದುಕಾಣುವುದು ಕೊರಳೊಂದೇ. ಈ ಕೊರಳು ಸ್ವಾನ್ ಹಕ್ಕಿಯದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ರವಿವರ್ಮನು ಬರೆದ ಹಕ್ಕಿ ನಿಜವಾಗಿಯೂ ಅದೇ. ಪ್ರಶ್ನೆಯಿರುವುದು ಬೇರೆಡೆ: ಆತನು ಬರೆದ ಹಕ್ಕಿಯು ವ್ಯಾಸರು ಕಂಡ ಹಕ್ಕಿಯೆ?

ಈ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಡಚ್ ವಿದ್ವಾಂಸನಾದ ಜೆ. ಪಿ. ಫೋಗೆಲ್ ಎಂಬಾತನು ಭಾರತೀಯ ಸಾಹಿತ್ಯದಲ್ಲಿಯೂ ಕಲೆಯಲ್ಲಿಯೂ ಬರುವ ಹೆಬ್ಬಾತನ್ನು ಕುರಿತು 1962ರಲ್ಲಿ ಒಂದು ಗ್ರಂಥವನ್ನೇ ಬರೆದು, ಹಂಸವು ಹೆಬ್ಬಾತಿನ ಜಾತಿಯದೆಂದು ಪ್ರತಿಪಾದಿಸಿದನು. ಸಂಸ್ಕೃತ ಸಾಹಿತ್ಯದ ಪಕ್ಷಿಗಳನ್ನು ಕುರಿತು 1985ರಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದ ಕೆ. ಎನ್. ದವೆಯವರು ಇದನ್ನು ಪೂರ್ಣವಾಗಿ ಒಪ್ಪದೆ, ಹಂಸಕುಲದಲ್ಲಿ ಸ್ವಾನ್ ಹಕ್ಕಿಗೂ ಸ್ಥಾನವುಂಟೆಂದರು. ದವೆಯವರ ಪರಿಶ್ರಮಕ್ಕೆ ನಾವು ತಲೆಬಾಗಬೇಕು. ಒಂದೇ ಹೆಸರಿನಡಿಯಲ್ಲಿ ಅನೇಕ ಜಲಪಕ್ಷಿಗಳು ಸೇರಿರಬಹುದೆಂಬ ಅವರ ಮೂಲವಿಚಾರವು ಗ್ರಾಹ್ಯವೇ ಆಗಿದೆ. (ಆದರೆ ಅವರ ಗ್ರಂಥವನ್ನು ತೆರೆಯದೆಯೇ ಅವರ ಹೆಸರನ್ನು ಮಾತ್ರ ಬಳಸಿಕೊಳ್ಳುವವರಿಗೆ ಈ ಗೌರವವು ಸಲ್ಲದು.) ಎರಡು ಪಕ್ಷಗಳನ್ನೂ ಮುಂದಿಟ್ಟುಕೊಂಡು ಕಾವ್ಯದ ಹೇಳಿಕೆಗಳನ್ನು ಪರಿಶೀಲಿಸಿದರೆ, ಕನಿಷ್ಠಪಕ್ಷ ನಳದಮಯಂತಿಯರ ಹಂಸದ ಮಟ್ಟಿಗೆ, ಫೋಗೆಲನ ಪಕ್ಷವೇ ಬಲವತ್ತರವೆಂದು ನನಗೆ ತೋರುತ್ತದೆ. ಅದಕ್ಕೆ ಕಾರಣಗಳು ಇವು.

ಮೊದಲನೆಯದು ಕಾಲಿನ ಬಣ್ಣ. ಅಮರಸಿಂಹನು ತನ್ನ ಕೋಶದಲ್ಲಿ ರಾಜಹಂಸಕ್ಕೆ ಹೇಳಿದ ಲಕ್ಷಣವು ಬಿಳಿಯ ಮೈ, ಕೆಂಪಾದ ಕೊಕ್ಕು, ಕೆಂಪಾದ ಕಾಲುಗಳು. ಕೊಕ್ಕು ಕಾಲುಗಳು ಮಾಸಲಾಗಿದ್ದರೆ ಅದು ಮಲ್ಲಿಕಾಕ್ಷ, ಕಪ್ಪಾಗಿದ್ದರೆ ಧಾರ್ತರಾಷ್ಟ್ರ. ಇಷ್ಟು ನಿಷ್ಕೃಷ್ಟವಾಗಿ ಕಾಲನ್ನು ಗಮನಿಸಿದ ಪರಂಪರೆಯಲ್ಲಿ, ಯೂರೋಪಿನ ಸ್ವಾನಿನ ಕೊಕ್ಕು ಕಿತ್ತಳೆಯಾದರೂ ಕಾಲುಗಳು ಕಪ್ಪೆಂಬ ಸಂಗತಿಯನ್ನು ಏನು ಮಾಡುವುದು? ಆ ಹಕ್ಕಿಯು ಅಮರನ ಯಾವ ವರ್ಗದಲ್ಲಿಯೂ ಸೇರದು: ಕೊಕ್ಕಿನಿಂದ ಒಂದು, ಕಾಲಿನಿಂದ ಇನ್ನೊಂದು ಎಂದಾಗುವುದು. ಮಾಗಡಿಗೆ ಬರುವ ಪಟ್ಟೆತಲೆಯ ಹೆಬ್ಬಾತನ್ನು ಇದರೊಡನೆ ಹೋಲಿಸಿ ನೋಡಬೇಕು. ಅದರ ತಲೆಯು ಬಿಳುಪು, ಹಿಂದಲೆಯ ಮೇಲೆ ಅಡ್ಡಲಾಗಿ ಎರಡು ಕಪ್ಪು ಪಟ್ಟೆಗಳು, ಕೊರಳ ಪಕ್ಕದಲ್ಲಿ ಇಳಿದುಬರುವ ಒಂದು ಬಿಳಿಯ ಗೆರೆ, ಮೈ ನಸುಬೂದು, ಕೊಕ್ಕು ಕಿತ್ತಳೆಗಲೆದ ಹಳದಿ, ತುದಿಯಲ್ಲಿ ಕಪ್ಪು, ಕಾಲುಗಳು ಕಿತ್ತಳೆ. ಮೈಯ ಬೂದಿಗೂ ಅಮರನ ಬಿಳುಪಿಗೂ ಅಂತರವಿದೆಯೆಂಬುದು ನಿಜ; ರಾಜಹಂಸದ ಹೆಸರಿಗೆ ಇತರ ಹಕ್ಕಿಗಳ ಹಕ್ಕುದಾರಿಕೆಯೂ ಇದರಿಂದ ತಪ್ಪುವುದಿಲ್ಲ. ಅಮರನಿಂದ ಹೆಬ್ಬಾತು ನಿಸ್ಸಂಶಯವಾಗಿ ಸಿದ್ಧವಾಯಿತೆಂದು ನಾನು ಹೇಳುತ್ತಿಲ್ಲ. ಸ್ವಾನ್ ಹಕ್ಕಿಯು ಅಸಿದ್ಧವಾಯಿತೆಂದು ಮಾತ್ರ ಹೇಳುತ್ತೇನೆ. ಪ್ರಕೃತಕ್ಕೆ ಅಷ್ಟು ಸಾಕು.

ಎರಡನೆಯದು ನಡೆ. ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಮಾಣ. ಆದರೂ ಈ ಚೀಟಿಯನ್ನು ಕುರಿತು ಬರೆಯುವವರು ಮೂಲವನ್ನು ಓದುವ ತೊಂದರೆಯನ್ನು ವಹಿಸದುದರಿಂದ ಇದು ಅಲಕ್ಷಿತವಾಗಿಯೇ ಉಳಿದಿದೆ. ಮಹಾಭಾರತದ ಅರಣ್ಯಪರ್ವದ ನಳೋಪಾಖ್ಯಾನದಲ್ಲಿ ದಮಯಂತಿಯ ಬಳಿಗೆ ಬರುವುದು ಒಂಟಿಹಕ್ಕಿಯಲ್ಲ, ಒಂದು ಹಿಂಡು. ನಳನು ತೋಟದಲ್ಲಿ ಆ ಹಿಂಡಿನೊಳಗಿನ ಒಂದನ್ನು ಹಿಡಿಯುತ್ತಾನೆ. ಅದು ತನ್ನನ್ನು ಬಿಟ್ಟರೆ ದಮಯಂತಿಯ ಮುಂದೆ ಅವನ ಗುಣವನ್ನು ಹೊಗಳುವೆನೆಂದು ಮಾತು ಕೊಡುತ್ತದೆ. ಆಮೇಲೆ ಎಲ್ಲವೂ ಒಟ್ಟಾಗಿ ವಿದರ್ಭಕ್ಕೆ ಹಾರಿ ರಾಜಕುಮಾರಿಯ ಸನಿಹದಲ್ಲಿಯೇ ಇಳಿಯುತ್ತವೆ. ಅವುಗಳನ್ನು ಹಿಡಿಯಲೆಂದು ಸಖಿಯರು ಧಾವಿಸುತ್ತಲೇ ಹಕ್ಕಿಗಳು ದಿಕ್ಕುದಿಕ್ಕಿಗೆ ಚೆದುರಿ ಓಡುವುವು. ಒಬ್ಬೊಬ್ಬಳೂ ಒಂದೊಂದರ ಬೆನ್ನುಹತ್ತುವಳು. ದಮಯಂತಿಯು ಯಾವುದನ್ನು ಅಟ್ಟಿಸಿಕೊಂಡು ಹೋದಳೋ ಅದು ಅವಳೊಬ್ಬಳೇ ಇರುವ ಸಮಯ ನೋಡಿ ಮನುಷ್ಯವಾಣಿಯಿಂದ ನುಡಿಯುವುದು. ಕಥೆಯ ಸಂವಿಧಾನವೆಲ್ಲವೂ ಈ ಓಟದ ಮೇಲೆ ನಿಂತಿದೆ. ಹಕ್ಕಿಯು ನೆಲದ ಮೇಲೆ ಓಡದಿದ್ದರೆ ಸಖಿಯರು ಬೇರ್ಪಡುವುದಿಲ್ಲ. ಸಖಿಯರು ಬೇರ್ಪಡದಿದ್ದರೆ ಸಂದೇಶವು ರಹಸ್ಯವಾಗಿ ತಲುಪುವುದಿಲ್ಲ. ಸ್ವಾನ್ ಹಕ್ಕಿಯು ನೀರಿನಲ್ಲಿ ಎಷ್ಟು ಮನೋಹರವೋ ನೆಲದ ಮೇಲೆ ಅಷ್ಟೇ ಜಡ. ಅದರ ಕಾಲುಗಳು ಗಿಡ್ಡವಾಗಿ ಮೈಯ ಹಿಂಭಾಗಕ್ಕೆ ಸರಿದಿರುವುದರಿಂದ ಅದು ಹೊರಳಿ ಹೊರಳಿ ನಡೆಯುವುದು. ಹೆಬ್ಬಾತಾದರೋ ನೆಲದಲ್ಲಿ ಮೇಯುವ ಹಕ್ಕಿ. ಮಾಗಡಿಯಲ್ಲಿ ಹಗಲು ಕೆರೆಯಲ್ಲಿ ವಿಶ್ರಮಿಸುವ ಈ ಹಿಂಡುಗಳು ಬೆಳಗು ಬೈಗುಗಳಲ್ಲಿ ಸುತ್ತಣ ಎರೆಹೊಲಗಳಿಗೆ ಹೋಗಿ ಪೈರನ್ನೂ ಉದುರಿದ ಕಾಳನ್ನೂ ಮೇಯುವುವು. ತಲೆಯೆತ್ತಿ ಸಾಲುಗಟ್ಟಿ ನಡೆಯುವುವು. ಅಟ್ಟಿದರೆ ಓಡಿ ಆಮೇಲೆ ಹಾರುವುವು. ಹೆಣ್ಣಿನ ನಡಿಗೆಯನ್ನು ಹಂಸದ ನಡಿಗೆಗೆ ಹೋಲಿಸಿ ತಲೆಮಾರುಗಳಿಂದ ಕಾವ್ಯ ಕಟ್ಟಿದ ಕವಿಗಳು ನೆಲದ ಮೇಲೆ ಎಡವುವ ಹಕ್ಕಿಯನ್ನು ಕಂಡು ಹಾಗೆ ಬರೆದರೆಂದು ಹೇಳುವುದು ಅವರ ಕಣ್ಣಿಗೆ ಮಾಡುವ ಅಪಚಾರ.

ಮೂರನೆಯದು ದಾರಿ. ಕಾಳಿದಾಸನ ಮೇಘದೂತದಲ್ಲಿ ರಾಜಹಂಸಗಳು ತಾವರೆಯ ಎಳೆದಂಟುಗಳನ್ನು ಬುತ್ತಿಯಾಗಿ ಕೊಂಡು ಕೈಲಾಸದವರೆಗೆ ಮೇಘಕ್ಕೆ ಜೊತೆಯಾಗುವುವು. ಹಿಮಾಲಯವನ್ನು ದಾಟಲು ಕ್ರೌಂಚಪರ್ವತದ ಬಿರುಕು ಅವುಗಳಿಗೆ ಬಾಗಿಲಾಗಿದೆ. (ಈ ಕಾವ್ಯದ ಯಕ್ಷನನ್ನು 1960ರ ಜೂನ್ 22ರ ಕಾಳಿದಾಸಸ್ಮಾರಕ ಚೀಟಿಗಳಲ್ಲಿ ಒಂದರ ಮೇಲೆ ನೋಡಬಹುದು, ಇನ್ನೊಂದರ ಮೇಲಿರುವವಳು ಪತ್ರ ಬರೆಯುವ ಶಕುಂತಲೆ.) ಮಂಗೋಲಿಯದಲ್ಲಿಯೂ ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿಯೂ ಮರಿಮಾಡಿ, ಹಿಮಾಲಯವನ್ನು ದಾಟಿ ದಕ್ಷಿಣದ ಕೆರೆಗಳಿಗೆ ಬರುವ ಹಕ್ಕಿ ಪಟ್ಟೆತಲೆಯ ಹೆಬ್ಬಾತು. ಸ್ವಾನ್ ಹಕ್ಕಿಯು ಭರತಖಂಡದ ವಾಯವ್ಯದ ಅಂಚಿನಲ್ಲಿ ಎಂದೋ ಒಮ್ಮೆ ಕಾಣಿಸಿಕೊಳ್ಳುವ ಅತಿಥಿ. ದಕ್ಷಿಣದ ಕೆರೆಗಳ ಪರಿಚಯವೇ ಅದಕ್ಕಿಲ್ಲ. ಇಲ್ಲಿ ನನ್ನ ಪಕ್ಷಕ್ಕೂ ಒಂದು ತೊಡಕಿದೆ; ಅದನ್ನು ಮರೆಮಾಚುವುದು ಸಂಶೋಧಕನಿಗೆ ಒಪ್ಪತಕ್ಕದ್ದಲ್ಲ. ಮೇಘವು ಹೊರಡುವುದು ಆಷಾಢದಲ್ಲಿ. ಮಾಗಡಿಯ ಹೆಬ್ಬಾತುಗಳು ನವೆಂಬರಿನ ವೇಳೆಗೆ ಬಂದು, ಬೇಸಗೆಯ ಬಿಸಿಲು ಬಲಿಯುವ ಮೊದಲೇ ಉತ್ತರಕ್ಕೆ ಹೊರಟುಹೋಗುವುವು. ಆದರೆ ಈ ತೊಡಕಿನಿಂದ ಪ್ರತಿಪಕ್ಷಕ್ಕೆ ಲಾಭವಿಲ್ಲ, ಏಕೆಂದರೆ ಚಳಿಗಾಲದ ಅತಿಥಿಯಾದ ಸ್ವಾನ್ ಹಕ್ಕಿಯೂ ಆಷಾಢದವರೆಗೆ ಇಲ್ಲಿ ಕಾದಿರುವುದಿಲ್ಲ. ಮಳೆಗಾಲದಲ್ಲಿ ಹಂಸಗಳು ಮಾನಸ ಸರೋವರಕ್ಕೆ ತೆರಳುವುದನ್ನು ಆಲಂಕಾರಿಕರು ಕವಿಸಮಯಗಳಲ್ಲಿ ಎಣಿಸಿದ್ದಾರೆ. ಕಾಲವು ಕವಿಸಮಯಕ್ಕೆ ಸೇರಿದ್ದು, ದಾರಿಯು ಪ್ರಕೃತಿಗೆ ಸೇರಿದ್ದು ಎಂದು ವಿಂಗಡಿಸಿದರೆ ತೊಡಕು ಕಳೆಯುವುದು.

ಶಿಲ್ಪದ ಸಾಕ್ಷ್ಯವೂ ಇದಕ್ಕೆ ಅನುಕೂಲವಾಗಿದೆ. ಅಶೋಕನ ಲೌರಿಯಾ ನಂದನಗಢದ ಸ್ತಂಭದ ತಲೆಪಟ್ಟಿಯಲ್ಲಿ ಸಾಲಾಗಿ ಕೊರೆದ ಹಂಸಗಳು ಮೈದುಂಬಿದ, ಮಿತವಾದ ಕೊರಳಿನ ಹಕ್ಕಿಗಳು. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಅಧಿಷ್ಠಾನದ ಪಟ್ಟಿಕೆಗಳಲ್ಲಿ ಮಕರಗಳ ಮೇಲಣ ಸಾಲಿನ ಹಂಸಗಳೂ ಅಂತಹವೇ; ಅವುಗಳ ಬಾಲವನ್ನು ಬಳ್ಳಿಯಾಗಿ ಬೆಳೆಸುವ ಸ್ವಾತಂತ್ರ್ಯವನ್ನು ಶಿಲ್ಪಿಯು ವಹಿಸಿದನೇ ಹೊರತು ಕೊರಳನ್ನು ಹಾವಿನಂತೆ ಹಿಗ್ಗಿಸುವ ಸ್ವಾತಂತ್ರ್ಯವನ್ನಲ್ಲ. ಅಶೋಕನ ಕಾಲದಿಂದ ಹೊಯ್ಸಳರ ಕಾಲದವರೆಗೆ ಹದಿಮೂರು ಶತಮಾನಗಳಿಗೂ ಮಿಕ್ಕ ಅವಧಿಯಲ್ಲಿ ಕಲ್ಲಿಗೆ ಗೊತ್ತಿದ್ದ ಹಕ್ಕಿಯನ್ನು ಕ್ಯಾನ್ವಾಸು ಮರೆತದ್ದು ಹೇಗೆ? ತೈಲವರ್ಣದ ವಿಧಾನವನ್ನು ಯೂರೋಪಿನಿಂದ ಪಡೆದ ರವಿವರ್ಮನು ಅದರ ಚಿತ್ರವಸ್ತುಗಳ ಪರಿಚಯವನ್ನೂ ಪಡೆದಿದ್ದನು. ಲೀಡಾ ಎಂಬ ಸುಂದರಿಯೊಡನೆ ಸ್ವಾನ್ ಹಕ್ಕಿಯನ್ನು ಚಿತ್ರಿಸುವ ಪದ್ಧತಿಯು ಆ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದದ್ದು. ಹೆಣ್ಣು ಮತ್ತು ಹಕ್ಕಿಯ ಜೋಡಿಗೆ ಸಿದ್ಧವಾಗಿದ್ದ ಆ ಮಾದರಿಯು ದಮಯಂತಿಯ ಪಟದೊಳಕ್ಕೂ ಬಂದಿತೆಂದು ಊಹಿಸಲು ಅವಕಾಶವಿದೆ. ಇದು ಊಹೆಯೆಂಬುದನ್ನು ಒಪ್ಪಿಯೇ ಹೇಳುತ್ತೇನೆ. ಆದರೆ ಹಿಂಡನ್ನು ಒಂಟಿಹಕ್ಕಿಯಾಗಿಯೂ, ಓಟವನ್ನು ನಿಲುವಾಗಿಯೂ ಮಾರ್ಪಡಿಸಿದ ಚಿತ್ರವು ವ್ಯಾಸರ ಕಥೆಗಿಂತ ಯೂರೋಪಿನ ಚಿತ್ರಶಾಲೆಗೆ ಹತ್ತಿರವಾದುದೆಂಬುದು ಊಹೆಯಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ನಳೋಪಾಖ್ಯಾನದ ಹಂಸಗಳು ಸುವರ್ಣಾಲಂಕೃತವಾದುವು. ಶ್ರೀಹರ್ಷನ ನೈಷಧದ ಹಂಸವಂತೂ ಹೊನ್ನಿನ ಹಕ್ಕಿಯೇ. ಹೀಗಿರಲು, ಲೋಕದಲ್ಲಿಲ್ಲದ ಹಕ್ಕಿಗೆ ಜಾತಿಯನ್ನು ಹುಡುಕುವುದು ವ್ಯರ್ಥವಲ್ಲವೆ? ಚಿತ್ರಕಾರನು ಹೊನ್ನಿನ ಹಕ್ಕಿಯನ್ನು ಬರೆದಿದ್ದರೆ ಈ ಆಕ್ಷೇಪವು ಸಾಧುವಾಗುತ್ತಿತ್ತು. ಅವನು ಹೊನ್ನನ್ನು ಕೈಬಿಟ್ಟು, ಪ್ರಕೃತಿಯಲ್ಲಿರುವ ಒಂದು ಹಕ್ಕಿಯನ್ನು ಅದರ ಗರಿ ಕೊಕ್ಕುಗಳ ಸಹಿತವಾಗಿ ಬರೆದುದರಿಂದ, ಆ ಹಕ್ಕಿಯು ಪ್ರಕೃತಿಗೆ ಉತ್ತರ ಹೇಳಲೇಬೇಕು. (ಹಂಸಕ್ಕೆ ಅಂಚೆಯೆಂಬ ತದ್ಭವವಿರುವುದನ್ನು ಹಿಡಿದುಕೊಂಡು ಟಪಾಲಿನ ಅಂಚೆಯನ್ನೂ ನಳನ ದೂತನನ್ನೂ ಬೆಸೆಯುವ ಚಮತ್ಕಾರವನ್ನು ನಾನು ಬುದ್ಧಿಪೂರ್ವಕವಾಗಿ ಬಿಟ್ಟಿದ್ದೇನೆ, ಅದು ಹರಟೆಗೆ ಸೊಗಸು, ಪ್ರಮಾಣಕ್ಕೆ ಅಲ್ಲ.)

ಪಟ್ಟಿಗಳ ಮಾತನ್ನು ಪ್ರಮಾಣವೆಂದು ಹಿಡಿಯುವವರಿಗೆ ಇನ್ನೊಂದು ಸಂಗತಿಯನ್ನು ನೆನಪಿಸಬೇಕು. 2001ರಲ್ಲಿ ಅಂಚೆ ಇಲಾಖೆಯು ಪಂಚತಂತ್ರದ ನಾಲ್ಕು ಕಥೆಗಳನ್ನು, ಕಥೆಗೆ ಎರಡರಂತೆ ಎಂಟು ಚೀಟಿಗಳಲ್ಲಿ ಹೊರಡಿಸಿತು: ಕೋತಿ ಮತ್ತು ಮೊಸಳೆ, ಸಿಂಹ ಮತ್ತು ಮೊಲ, ಕಾಗೆ ಮತ್ತು ಹಾವು, ಆಮೆ ಮತ್ತು ಹಂಸಗಳು. ಕೋಲನ್ನು ಕಚ್ಚಿದ ಆಮೆಯನ್ನು ಎತ್ತಿಕೊಂಡು ಹಾರುವ ಆ ಹಂಸಗಳನ್ನು ಇಂಗ್ಲಿಷಿನಲ್ಲಿ ಹೆಬ್ಬಾತುಗಳೆಂದೇ ಕರೆದಿದ್ದಾರೆ. ಒಂದೇ ಹಂಸವು 1971ರಲ್ಲಿ ಸ್ವಾನ್ ಆಗಿ 2001ರಲ್ಲಿ ಹೆಬ್ಬಾತಾದುದಕ್ಕೆ ಕಾರಣವು ಹಕ್ಕಿಯಲ್ಲಿಲ್ಲ. ಮೊದಲನೆಯ ಹೆಸರು ಚಿತ್ರಸಂಪುಟಗಳಿಂದಲೂ ಎರಡನೆಯದು ಪಂಚತಂತ್ರದ ಭಾಷಾಂತರಗಳಿಂದಲೂ ಬಂದುದಾಗಿರಬೇಕು. ಇಂತಹ ಪಟ್ಟಿಯನ್ನು ಪ್ರಮಾಣವಾಗಿ ಉದ್ಧರಿಸುವುದು ಪ್ರತಿಧ್ವನಿಯನ್ನು ಸಾಕ್ಷಿಕಟ್ಟೆಗೆ ಕರೆದಂತೆ.

ಪಂಚತಂತ್ರದ ಪ್ರಸ್ತಾಪ ಬಂದಾಗ ನಮ್ಮ ಜಿಲ್ಲೆಯ ಕವಿಯೊಬ್ಬನ ವಿಷಯದಲ್ಲಿ ಮೌನವಾಗಿರುವುದು ನನ್ನಿಂದಾಗದು. ಕಿಸುಕಾಡುನಾಡಿನ ಸಯ್ಯಡಿ, ಎಂದರೆ ಈಗಿನ ರೋಣ ತಾಲೂಕಿನ ಸವಡಿಯವನೂ, ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯೂ ಆಗಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡದಲ್ಲಿ ಚಂಪುವಾಗಿ ರಚಿಸಿದನು. ಅವನು ಅನುಸರಿಸಿದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು. ಸಂಸ್ಕೃತದಲ್ಲಿ ನಷ್ಟವಾದ ಆ ಪಾಠದ ಪರಂಪರೆಯು ಇಂದು ಉಳಿದಿರುವುದು ದುರ್ಗಸಿಂಹನಲ್ಲಿ, ಜಾವಾ, ಸಯಾಮ್ ಮತ್ತು ಲಾವೋಸುಗಳ ತಂತ್ರಿಕಥೆಗಳಲ್ಲಿ. ಅಮೆರಿಕದ ಎಡ್ಗರ್ಟನ್ ಎಂಬಾತನು 1924ರಲ್ಲಿ ಪಂಚತಂತ್ರದ ಮೂಲರೂಪವನ್ನು ಪುನರ್ರಚಿಸಹೊರಟಾಗ ಆಧಾರವಾಗಿಟ್ಟುಕೊಂಡ ಪಾಠಗಳಲ್ಲಿ ದುರ್ಗಸಿಂಹನಿಗೆ ಸ್ಥಾನವಿಲ್ಲ. ಈ ಉಪೇಕ್ಷೆಯನ್ನು ಎತ್ತಿ ತೋರಿಸಿ, ಕನ್ನಡ ಪಾಠಕ್ಕೂ ಜಾವಾದ ಪಾಠಕ್ಕೂ ಇರುವ ನಂಟನ್ನು ಬೆಳಕಿಗೆ ತಂದವರು ನಮ್ಮ ಎ. ವೆಂಕಟಸುಬ್ಬಯ್ಯನವರು. ಜಾವಾದ್ವೀಪದ ಚಂಡಿ ಮೆಂದುತ್ ದೇಗುಲದ ಗೋಡೆಯಲ್ಲಿ ಆಮೆಯನ್ನು ಹೊತ್ತ ಹಂಸಗಳ ಶಿಲ್ಪವಿದೆಯೆಂಬುದನ್ನು ನೆನೆದಾಗ, ಈ ಹಕ್ಕಿಯ ಕಥೆಯು ಕಡಲಾಚೆಗೂ ಸಾಗಿಹೋದ ಪರಿಯು ಮನಸ್ಸಿಗೆ ಬರುವುದು. 2001ರ ಚೀಟಿಗಳನ್ನು ಕುರಿತು ಬರೆಯುವವರು ವಿಷ್ಣುಶರ್ಮನ ಹೆಸರಿನೊಂದಿಗೆ ನಿಲ್ಲದೆ ಸವಡಿಯ ಹೆಸರನ್ನೂ ಹೇಳುವಂತಾಗಬೇಕು.

ಹಾಗೆಯೇ ದಮಯಂತಿಯ ವಿಷಯದಲ್ಲಿ ಉಪೇಕ್ಷಿತವಾದ ಆಕರವು ಕನ್ನಡದ್ದೇ. ಚೌಂಡರಸನ ನಳಚಂಪುವು ಪಂಡಿತರಲ್ಲಿ ಉಳಿಯಿತು. ಷಟ್ಪದಿಯ ನಳಚರಿತ್ರೆಯನ್ನು ಜನರ ಕಿವಿಗೆ ಮುಟ್ಟಿಸಿದವರು, ಶಿರಹಟ್ಟಿಗೆ ಬಹುದೂರವಲ್ಲದ ಬಾಡದಲ್ಲಿ ಹುಟ್ಟಿದ ಕನಕದಾಸರು. ಗಮಕಿಗಳ ಕಂಠದಲ್ಲಿ ಹಂಸದ ಕಥೆಯನ್ನು ಕೇಳಿದ ನಮ್ಮ ಹಿರಿಯರು ಅದರ ರೂಪವನ್ನು ತಮ್ಮ ಕೆರೆಗಳ ಹಕ್ಕಿಗಳಿಂದಲೇ ಊಹಿಸಿಕೊಂಡಿರಬೇಕು. 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರವಿವರ್ಮನ ಕಲ್ಲಚ್ಚಿನ ಮುದ್ರಣಾಲಯದಿಂದ ಬಣ್ಣದ ಪಟಗಳು ದೇವರಮನೆ ಪಡಸಾಲೆಗಳ ಗೋಡೆಗಳಿಗೆ ಬಂದಮೇಲೆ ಕಿವಿಯ ಹಕ್ಕಿಯ ಸ್ಥಾನವನ್ನು ಕಣ್ಣಿನ ಹಕ್ಕಿಯು ಆಕ್ರಮಿಸಿತು. 1971ರ ಚೀಟಿಯು ಆ ಆಕ್ರಮಣಕ್ಕೆ ಸರಕಾರದ 20 ಪೈಸೆಯ ಮುದ್ರೆಯನ್ನೊತ್ತಿತು. ರವಿವರ್ಮನ ಪ್ರತಿಭೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪುರಾಣದ ನಾಯಿಕೆಯರಿಗೆ ಅವನು ಕೊಟ್ಟ ಕಳೆಯು ಇಂದಿಗೂ ಮಾಸಿಲ್ಲ. ಆದರೆ ಅವನ ಚೀಟಿಯು ಹತ್ತೊಂಬತ್ತನೆಯ ಶತಮಾನದ ಭಾರತೀಯ ಚಿತ್ರಕಲೆಯ ಚರಿತ್ರೆಗೆ ಆಧಾರವಾಗಬಲ್ಲುದೇ ಹೊರತು ಮಹಾಭಾರತದ ಪಕ್ಷಿಶಾಸ್ತ್ರಕ್ಕಲ್ಲ. ಸಂಗ್ರಹದ ಪುಟಗಳಲ್ಲಿಯೂ ಅದಕ್ಕೆ ಯೋಗ್ಯವಾದ ಸ್ಥಾನವು ಚಿತ್ರಕಾರರ ಸಾಲು, ಹಕ್ಕಿಗಳ ಸಾಲಲ್ಲ. ಇದು ನನ್ನ ನಿರ್ಣಯ.

ಕೊನೆಗೆ ಎರಡು ಬಿನ್ನಹಗಳು. ಗದಗಿನಿಂದ ಸುಮಾರು 26 ಕಿಲೋಮೀಟರ್ ದೂರದಲ್ಲಿ, 134 ಎಕರೆಯ ಹರವಿನಲ್ಲಿರುವ ಮಾಗಡಿಯ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮಾನ್ಯತೆಯನ್ನು ಪಡೆದಿದೆ. ನಳದಮಯಂತಿಯರ ಕಥೆಯನ್ನು ಅಂಚೆ ಇಲಾಖೆಯು ಇನ್ನೊಮ್ಮೆ ಚೀಟಿಯ ಮೇಲೆ ತರುವುದಾದರೆ, ಅದರ ಚಿತ್ರಕಾರರು ಹಿಂದಿನ ಪಟವನ್ನು ನಕಲುಮಾಡದೆ ಈ ಕೆರೆಯ ದಂಡೆಗೆ ಬಂದು, ಹಿಂಡನ್ನೂ ಅದರ ನಡಿಗೆಯನ್ನೂ ಕಂಡು ಬರೆಯಲಿ. ಇದು ಮೊದಲನೆಯ ಬಿನ್ನಹ. ಎರಡನೆಯದು ಓದುಗರಿಗೆ: ಪುರಾಣದ ಚೀಟಿಯೊಂದು ಕೈಗೆ ಬಂದಾಗ ಪಟ್ಟಿಯನ್ನು ತೆರೆಯುವ ಮೊದಲು ಕಾವ್ಯವನ್ನು ತೆರೆಯಿರಿ, ಕಾವ್ಯದಲ್ಲಿ ಹಕ್ಕಿಯ ಹೆಸರು ಬಂದಾಗ ನವೆಂಬರಿನಿಂದ ಫೆಬ್ರುವರಿಯೊಳಗೆ ಒಮ್ಮೆ ಮಾಗಡಿಗೆ ಬನ್ನಿರಿ.